ಲಗತ್ತುಗಳಿಲ್ಲದ ಅರ್ಜಿ

ನವೆಂಬರ್ 3, 2025, ಸೋಮವಾರ

ವಿಷಯ: ಮನೆಯಲ್ಲಿ ಹೆಂಡತಿ ಇಲ್ಲದಿರುವ ಕುರಿತು.
ಉಲ್ಲೇಖ: ದಿನಾಂಕ 13.10.2025ರಂದು ಆಕೆ ಹುಮನಾಬಾದಿಗೆ ಹೊರಟುಹೋದದ್ದು.

ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ಈ ನೋಟ್‌ಬುಕ್ಕಿನಲ್ಲಿ ನಮೂದಿಸುವುದೇನೆಂದರೆ, ಶಂಕರಲಿಂಗ ಎಂಬ ನಾನು ಮೂವತ್ತನಾಲ್ಕು ವರ್ಷಗಳಿಂದ ಬಸವಕಲ್ಯಾಣದ ತಹಸೀಲ ಕಚೇರಿ ಎದುರು ಬೇವಿನ ಗಿಡದ ಕೆಳಗೆ ಮೇಜು ಹಾಕಿಕೊಂಡು ಜನರಿಗೆ ಅರ್ಜಿ ಬರೆದುಕೊಡುತ್ತಿದ್ದೇನೆ. ತಾಲ್ಲೂಕಿನಲ್ಲಿ ನನ್ನ ಅರ್ಜಿಗೆ ಹೆಸರಿದೆ. ಬೇರೆಯವರು 'ದಯಮಾಡಿ ಗಮನಿಸಿ' ಎಂದು ಬರೆಯುವ ಕಡೆ ನಾನು 'ಇನ್ನೂ ಎಷ್ಟು ಜನರ ಕಣ್ಣೀರು ಕುಡಿದರೆ ನಿಮ್ಮ ಬಾಯಾರಿಕೆ ತೀರುತ್ತದೆ' ಎಂದು ಬರೆಯುತ್ತೇನೆ. ಪಹಣಿಯಲ್ಲಿ ಹೆಸರು ತಿದ್ದುಪಡಿಗೂ ಹೀಗೆಯೇ ಬರೆಯುತ್ತೇನೆ.

ಆಕೆ ಹೊರಟುಹೋದ ಕಾರಣಗಳು:

1. ಅಕ್ಟೋಬರ್ 8, 9, 10ರಂದು ಸತತ ಮೂರು ದಿನ ಬೆಳಗಿನ ಚಹಾ ಏಳು ನಿಮಿಷ ತಡವಾಗಿ ಬಂದದ್ದು.
2. ಆ ಬಗ್ಗೆ ನಾನು ಎರಡು ಪುಟದ ದೂರು ಬರೆದು, ಆಕೆಯ ಕೈಗೆ ಕೊಟ್ಟು, ಸ್ವೀಕೃತಿ ಸಹಿ ಪಡೆದದ್ದು.
3. ಅದರ ಪ್ರತಿಗಳನ್ನು ಹುಮನಾಬಾದಿನ ಗಂಜ್ ಎಂಬ ಧಾನ್ಯಪೇಟೆಯಲ್ಲಿ ಅಡತಿ ಅಂಗಡಿ ಇಟ್ಟಿರುವ ಆಕೆಯ ಅಣ್ಣ ಗುರುಲಿಂಗಪ್ಪನವರಿಗೆ, ಸೊಲ್ಲಾಪುರದಲ್ಲಿ ಸಂಸಾರ ಮಾಡುತ್ತಿರುವ ನಮ್ಮ ಮಗಳು ಐಶ್ವರ್ಯಳಿಗೆ ಮತ್ತು ಹೆಂಡತಿ ಇಪ್ಪತ್ತೆಂಟು ವರ್ಷ ಹಿಂದಿ ಕಲಿಸಿದ ಶಾಲೆಯ ನಿವೃತ್ತ ಮುಖ್ಯೋಪಾಧ್ಯಾಯಿನಿಗೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿದ್ದು.

ಮೊದಲನೆಯದು ಆಕೆಯ ತಪ್ಪು. ಉಳಿದೆರಡು ಕಾರ್ಯವಿಧಾನ. ಆದರೂ ನನ್ನ ಹೆಂಡತಿ ವಿದ್ಯಾವತಿ ಆ ಸೋಮವಾರ ಬೆಳಿಗ್ಗೆ ಚೀಲ ತುಂಬಿಕೊಂಡು, "ಪ್ರತಿ ಮುಟ್ಯಾವೋ ಇಲ್ಲೋ ಅಣ್ಣನ ಮನಿಗಿ ಹೋಗಿ ನೋಡ್ಕೊಂಡು ಬರ್ತೀನಿ" ಎಂದು ಹೋದಳು. ಇಪ್ಪತ್ತೊಂದು ದಿನವಾಯಿತು. ನಾನೇ ಹೋಗಿ ಕರೆಯುವ ಪ್ರಶ್ನೆಯೇ ಇಲ್ಲ. ಮನೆಯಲ್ಲಿ ಮಾತಾಡಲು ಯಾರೂ ಇಲ್ಲದ್ದರಿಂದ ಈ ನೋಟ್‌ಬುಕ್. ಬೇಜಾರಾಗಿ ಅಲ್ಲ, ದಾಖಲೆಗಾಗಿ.

ಪ್ರತಿ: ಕಡತಕ್ಕೆ.

ನವೆಂಬರ್ 5, ಬುಧವಾರ

ವಿಷಯ: ಹಿಂದಕ್ಕೆ ನಡೆಯುವ ಟಗರಿನ ಕುರಿತು.

ರಾಜೇಶ್ವರದ ಕುರಿಗಾರ್ತಿ ಧೂಳಮ್ಮ ಇಂದು ಮೇಜಿನ ಮುಂದೆ ಬಂದು ಕುಕ್ಕರುಗಾಲಲ್ಲಿ ಕುಳಿತಳು.

"ಯಪ್ಪಾ, ನನ್ನ ಟಗರು ಹಿಂದಕ್ಕ ನಡ್ಯಾಕತ್ಯಾದ" ಎಂದಳು.

"ಪಶುವೈದ್ಯರ ಕಡೆ ಹೋಗು."

"ಅವರ ಕಡಿ ಹೋದಾಗ ಮುಂದಕ್ಕ ನಡೀತ್ರಿ. ಹಾಡು ಕೇಳಿದಾಗ ಅಷ್ಟ ಹಿಂದಕ್ಕ ಹೊಂಡ್ತದ."

ಪೂರ್ತಿ ಕೇಳಿದ ಮೇಲೆ ತಿಳಿದದ್ದು ಇದು. ಆಕೆಯ ಕುರಿ ದೊಡ್ಡಿಯ ಪಕ್ಕದಲ್ಲಿ ಹೆದ್ದಾರಿಗೆ ಹೊಂದಿಕೊಂಡು ಹೊಸದೊಂದು ಗೋದಾಮು ಎದ್ದಿದೆ. ದಿನವಿಡೀ ಲಾರಿಗಳು ಬಂದು ಹಿಂದಕ್ಕೆ ಸರಿಯುತ್ತವೆ. ಸರಿಯುವಾಗ ಲಾರಿಯ ರಿವರ್ಸ್ ಹಾರ್ನು ಮದುವೆ ಬ್ಯಾಂಡಿನಂಥ ಧಾಟಿ ಬಾರಿಸುತ್ತದೆ. ಅದನ್ನು ಮೂರು ತಿಂಗಳು ಕೇಳಿ ಕೇಳಿ ಟಗರು ತಾನೂ ಆ ಧಾಟಿಗೆ ಹಿಂದೆ ಹಿಂದೆ ಹೆಜ್ಜೆ ಹಾಕಲು ಕಲಿತಿದೆ. ಟಗರು ಹೋದ ಕಡೆ ನಲವತ್ತು ಕುರಿ. ಅವೆಲ್ಲ ಹಿಂದುಹಿಂದಾಗಿ ಹೋಗಿ ಪಕ್ಕದವನ ತೊಗರಿ ಹೊಲದೊಳಗೆ ಬೀಳುತ್ತವೆ. ಹೊಲದವನು, ಈ ವರ್ಷ ಮುಗಿಯುವುದರೊಳಗೆ ದೊಡ್ಡಿ ಕೀಳು ಎಂದಿದ್ದಾನಂತೆ.

"ನಮ್ಮ ಅತ್ತಿ ಕಾಲದಿಂದ ಭಿ ದೊಡ್ಡಿ ಅಲ್ಲೇ ಅದರಿ. ನಾ ಎಲ್ಲಿಗಿ ಹೋಗ್ಲಿ?" ಎಂದಳು.

ನನ್ನ ರಕ್ತ ಕುದಿಯಿತು. ಮೂವತ್ತನಾಲ್ಕು ವರ್ಷ ಕೆಳಗಿನಿಂದ ಒಂದೊಂದೇ ಮೆಟ್ಟಿಲು ಹತ್ತುತ್ತ ಅರ್ಜಿ ಬರೆದದ್ದಾಯಿತು. ಈ ಸಲ ಮೇಲಿನಿಂದಲೇ ಇಳಿಯುವುದೆಂದು ನಿಶ್ಚಯಿಸಿದೆ. ಲಾರಿಯ ಹಾರ್ನು ಇಡೀ ದೇಶದ ವಿಷಯ. ಆದ್ದರಿಂದ ನೇರ ಲೋಕಸಭೆಗೆ.

ಪ್ರತಿ: ಕಡತಕ್ಕೆ.

ನವೆಂಬರ್ 7, ಶುಕ್ರವಾರ

ಹದಿನಾಲ್ಕು ಪುಟವಾಯಿತು. 'ಧನಪಿಶಾಚಿಗಳ ರಾಕ್ಷಸ ವಾಹನಗಳು ಮೂಕಪ್ರಾಣಿಯ ನಡಿಗೆಯನ್ನೇ ಕಸಿದುಕೊಂಡಿರುವ ಈ ಕರಾಳ ದಿನದಂದು' ಎಂದು ಆರಂಭ. ಓದಿ ನನಗೇ ಮೈ ಝುಂ ಎಂದಿತು. ಲಗತ್ತುಗಳು ಮೂವತ್ತೊಂದು: ಧೂಳಮ್ಮನ ಆಧಾರ್, ರೇಷನ್ ಕಾರ್ಡ್, ಪಹಣಿ, ಕುರಿಗಳಿಗೆ ಲಸಿಕೆ ಹಾಕಿಸಿದ ಚೀಟಿ, ಟಗರಿನ ಮುಂದಿನ ನೋಟ, ಹಿಂದಿನ ನೋಟ, ಇತ್ಯಾದಿ. ಪ್ರತಿಗಳು ಹತ್ತೊಂಬತ್ತು ಜನರಿಗೆ.

ಪಕ್ಕದ ಝೆರಾಕ್ಸ್ ಅಂಗಡಿಯ ಮಹೆಬೂಬ ಲೆಕ್ಕ ಕೇಳಿ ಹೊಸ ಟೋನರ್ ತರಿಸಿದ. ಅವನೇ ದಾರಿಯನ್ನೂ ತೋರಿಸಿದ. ಹುಮನಾಬಾದಿನ ಅಜೀತ ಎಂಬಾತ ದಿಲ್ಲಿಯಲ್ಲಿ ಯಾರೋ ಬೇರೆ ರಾಜ್ಯದ ಸಂಸದರ ಆಪ್ತ ಸಹಾಯಕನಂತೆ, ತಂಗಿಯ ಮದುವೆಗೆಂದು ಈ ತಿಂಗಳೆಲ್ಲ ಊರಲ್ಲೇ ಇರುತ್ತಾನಂತೆ.

ಹುಮನಾಬಾದಿಗೆ ಹೋಗಲೇಬೇಕಾಗಿದೆ. ಸಂಪೂರ್ಣ ಸಾರ್ವಜನಿಕ ಕಾರಣಕ್ಕಾಗಿ.

ನವೆಂಬರ್ 9, ಭಾನುವಾರ

ಬಸ್ಸಿನಲ್ಲಿ ಮುಂದಿನ ಸೀಟಿನವನು ಕಿಟಕಿ ತೆರೆದಿಟ್ಟಿದ್ದ. ರಾಜೇಶ್ವರ ದಾಟುವವರೆಗೆ ಅವನಿಗೆ ಬುದ್ಧಿ ಹೇಳಿದೆ. ಅವನು ಕಿಟಕಿ ಮುಚ್ಚಲಿಲ್ಲ, ಇಳಿದುಹೋದ. ಅವನ ಊರು ಅದಲ್ಲ ಎಂದು ಕಂಡಕ್ಟರ್ ಹೇಳಿದ.

ಅಜೀತ ಮರ್ಯಾದೆಯ ಮನುಷ್ಯ. ಚಹಾ ತರಿಸಿದ. ನನ್ನ ಕಟ್ಟನ್ನು ಕೈಯಲ್ಲಿ ತೂಗಿ ನೋಡಿ, ಪುಟಗಳ ಮೇಲೆ ಕಣ್ಣಾಡಿಸಿ ಕೆಳಗಿಟ್ಟ.

"ಅರ್ಜಿ ಯಾವ ಸದಸ್ಯರು ಬೇಕಾದ್ರೂ ಮಂಡಿಸಬಹುದ್ರಿ, ನಿಮ್ಮ ಕ್ಷೇತ್ರದವರೇ ಆಗ್ಬೇಕಂತಿಲ್ಲ. ನಮ್ಮ ಸಾಹೇಬರು ಅದರ ಮ್ಯಾಲ ಸಹಿ ಹಾಕಿ ಮಂಡಿಸ್ತಾರ. ಖರೆ, ನಿಯಮ ಅವ್ರಿ" ಎಂದ.

ನಿಯಮ ನನಗೆ ಹೊಸದಲ್ಲ, ಹೇಳು ಎಂದೆ.

"ಲಗತ್ತು ಇರಬಾರ್ದ್ರಿ."

"ಎಷ್ಟಕ್ಕಿಂತ ಹೆಚ್ಚು ಇರಬಾರದು?"

"ಒಂದೂ ಇರಬಾರ್ದ್ರಿ. ಪತ್ರ, ಅಫಿಡವಿಟ್, ಏನೂ ಹಚ್ಚಂಗಿಲ್ಲ."

ನಾನು ಚಹಾ ಕೆಳಗಿಟ್ಟೆ. ಪ್ರತಿ ಯಾರ್ಯಾರಿಗೆ ಕಳಿಸಬಹುದು ಎಂದು ಕೇಳಿದೆ. ಯಾರಿಗೂ ಇಲ್ಲ, ಅರ್ಜಿ ಸದನಕ್ಕೆ ಅಷ್ಟೇ ಎಂದ. ಭಾಷೆ ಗೌರವದ್ದಾಗಿರಬೇಕು, ಸಭ್ಯವಾಗಿರಬೇಕು, ಸಂಯಮದ್ದಾಗಿರಬೇಕು ಎಂದ. ಮೂರೂ ಒಟ್ಟಿಗೆ ಬೇಕೇ ಎಂದರೆ ಹೌದ್ರಿ ಎಂದ. ಕನ್ನಡದಲ್ಲಿ ಬರೆಯಬಹುದು, ಆದರೆ ಹಿಂದಿ ಅಥವಾ ಇಂಗ್ಲಿಷ್ ಅನುವಾದ ಜೊತೆಗಿಟ್ಟು ಅದಕ್ಕೂ ಅರ್ಜಿದಾರರ ಗುರುತು ಹಾಕಿಸಬೇಕು. ಚಳಿಗಾಲದ ಅಧಿವೇಶನ ಡಿಸೆಂಬರ್ ಒಂದಕ್ಕೆ. ನವೆಂಬರ್ 30ರ ಸಂಜೆ ಅವನು ದಿಲ್ಲಿಗೆ ಹೊರಡುತ್ತಾನೆ.

"ಹಿಂದಿ ಬೇಕಾದ್ರ ಗಂಜ್‌ನಾಗ ನಮ್ಮ ವಿದ್ಯಾವತಿ ಟೀಚರ್ ಬಂದಾರ್ರಿ, ಅವರ ಅಣ್ಣನ ಮನಿಗಿ. ನನಗ ಎಂಟನೇ ಕ್ಲಾಸಿನಾಗ ಹಿಂದಿ ಕಲಿಸಿದವ್ರು. ನಿಮಗ ಪರಿಚಯ ಅದೇನ್ರಿ?" ಎಂದ.

ಅಲ್ಪಸ್ವಲ್ಪ ಎಂದೆ.

ನವೆಂಬರ್ 10, ಸೋಮವಾರ

ಮಹೆಬೂಬನಿಗೆ ಲಗತ್ತಿಲ್ಲದ ವಿಷಯ ತಿಳಿಸಿದೆ. ಅವನು ಅಂಗಡಿಯ ಶಟರ್ ಅರ್ಧ ಎಳೆದು, ಹೊಸ ಟೋನರನ್ನು ಮತ್ತೆ ಡಬ್ಬಿಗೆ ಹಾಕಿಟ್ಟ. ಆಮೇಲೆ ಬಂದು, "ಇಂಗ್ಲಿಷ್ ತರ್ಜುಮಾ ನಮ್ಮ ಬಾಜೂ ಕಂಪ್ಯೂಟರ್ ಸೆಂಟರ್‌ದಾಗ ಹತ್ತು ಮಿನಿಟ್‌ನಾಗ ಮಾಡಿ ಕೊಡ್ತಾರ್ರಿ. ಹುಮನಾಬಾದಿಗಿ ಯಾಕ ಓಡ್ತೀರಿ?" ಎಂದ.

ಈ ಅರ್ಜಿಗೆ ಹಿಂದಿಯೇ ಯೋಗ್ಯ ಎಂದು ವಿವರಿಸಿದೆ. ಲಾರಿ ಚಾಲಕರ ಭಾಷೆ, ಹೆದ್ದಾರಿಯ ಭಾಷೆ, ಮತ್ತು ರಾಷ್ಟ್ರದ ಐಕ್ಯತೆ. ಮಹೆಬೂಬ ನನ್ನ ಮುಖವನ್ನೇ ನೋಡುತ್ತಿದ್ದ. ಏನು ನೋಡ್ತೀ ಎಂದು ಬೈದೆ.

ನವೆಂಬರ್ 12, ಬುಧವಾರ

ವಿಷಯ: ಅಡತಿ ಅಂಗಡಿಯಲ್ಲಿ ನನಗಾದ ಅವಮಾನ.

ಗುರುಲಿಂಗಪ್ಪನವರು ತೊಗರಿ ಚೀಲಗಳ ನಡುವೆ ನನಗೊಂದು ಸ್ಟೂಲು ಹಾಕಿಸಿದರು. ಅಂಗಡಿಯ ಹಿಂದೆಯೇ ಮನೆ. ನಡುವೆ ಒಂದು ಪರದೆ. ಪರದೆಯ ಹಿಂದೆ ವಿದ್ಯಾವತಿಯ ಬಳೆ ಸದ್ದಾಗುತ್ತಿತ್ತು.

"ನಿಮ್ಮ ತಂಗಿಗಿ ಹೇಳ್ರಿ, ಒಂದು ಸಾರ್ವಜನಿಕ ಅನುವಾದದ ಕೆಲಸ ಅದ ಅಂತ" ಎಂದೆ.

ಅವರು ಪರದೆಯ ತನಕ ಹೋಗಿ, "ತಂಗೀ, ಸಾರ್ವಜನಿಕ ಕೆಲಸ ಅದಂತ" ಎಂದರು.

"ಕಾಗದ ಕೊಡ್ಲಿಕ್ಕ ಹೇಳಣ್ಣ" ಎಂದು ಒಳಗಿನಿಂದ ಉತ್ತರ ಬಂತು. ನಾನು ಕೇಳಿಸಿಕೊಂಡೆ, ಆದರೂ ಗುರುಲಿಂಗಪ್ಪನವರು ಮರಳಿ ಬಂದು ಅದನ್ನೇ ನನಗೆ ಹೇಳುವವರೆಗೆ ಕಾದೆ. ಸೂಕ್ತ ಮಾರ್ಗದ ಮೂಲಕ ಬಂದದ್ದಕ್ಕೇ ಬೆಲೆ.

ಒಂದು ಗಂಟೆಯ ಮೇಲೆ ಹದಿನಾಲ್ಕು ಪುಟ ಹೊರಬಂದವು. ಕೆಂಪು ಶಾಯಿ. ಧನಪಿಶಾಚಿ ಹೋಗಿತ್ತು. ಕರಾಳ ದಿನ ಹೋಗಿತ್ತು. 'ರಕ್ತಕಣ್ಣೀರು' ಇದ್ದ ಏಳು ಕಡೆಯೂ ಗೀಟು. ಕೊನೆಯಲ್ಲಿ ಶಾಲೆಯ ಮಕ್ಕಳಿಗೆ ಬರೆಯುವ ಹಾಗೆ, 'ಮತ್ತೊಮ್ಮೆ ಬರೆಯಿರಿ' ಎಂದಿತ್ತು. ಮೂವತ್ತನಾಲ್ಕು ವರ್ಷದ ಅನುಭವಕ್ಕೆ ಈ ಮಾತು.

ಪ್ರತಿ: ಯಾರಿಗೂ ಕಳಿಸುವ ಹಾಗಿಲ್ಲ. ಕಳಿಸಬೇಕಾದವರೆಲ್ಲ ಅಲ್ಲೇ ಇದ್ದರು.

ನವೆಂಬರ್ 13, ಗುರುವಾರ

ಬರೆಯುವುದಿಲ್ಲ. ಯಾರಿಗೂ ಏನೂ ಬರೆಯುವುದಿಲ್ಲ.

ನವೆಂಬರ್ 14, ಶುಕ್ರವಾರ

ಧೂಳಮ್ಮ ಬಂದು ಕೇಳಿದಳು. ಬರೆಯಲು ಕುಳಿತೆ.

ನವೆಂಬರ್ 16, ಭಾನುವಾರ

ಒಂಬತ್ತು ಪುಟಕ್ಕೆ ಇಳಿಸಿ ಒಯ್ದೆ. ಇಂದು ಪರದೆ ಸರಿಯಿತು. ವಿದ್ಯಾವತಿ ಬಾಗಿಲಲ್ಲಿ ನಿಂತಳು, ಒಳಗೂ ಅಲ್ಲ ಹೊರಗೂ ಅಲ್ಲ. ಕನ್ನಡಕ ಹೊಸದು. ಕೇಳಬೇಕೆಂದುಕೊಂಡೆ, ಕೇಳಲಿಲ್ಲ.

"ಈ ಮೂರನೇ ಪುಟದಾಗ ರಾಕ್ಷಸ ಅಂದೀರಿ. ಯಾರವ?" ಎಂದಳು.

"ಲಾರಿ ಡ್ರೈವರ್."

"ಹೆಸರೇನು?"

"ನನಗೇನು ಗೊತ್ತು?"

"ಹೆಸರೇ ಗೊತ್ತಿಲ್ದವರಿಗಿ ರಾಕ್ಷಸ ಅಂತ ಹ್ಯಾಂಗ ಬರೀತೀರಿ? ಹೋಗಿ ನೋಡೀರೇನು?"

ಅರ್ಜಿ ಬರೆಯುವವರು ಹೋಗಿ ನೋಡುವ ಪದ್ಧತಿ ನಮ್ಮಲ್ಲಿಲ್ಲ ಎಂದೆ. ಜನ ಬಂದು ಹೇಳುತ್ತಾರೆ, ನಾವು ಕುದಿಯುತ್ತೇವೆ, ಬರೆಯುತ್ತೇವೆ.

"ಅದಕ್ಕ" ಎಂದು ಒಳಗೆ ಹೋದಳು. ಅದಕ್ಕೆ ಏನು ಎಂದು ಹೇಳಲಿಲ್ಲ. ಬಸ್ಸಿನಲ್ಲಿ ಅದನ್ನೇ ಯೋಚಿಸುತ್ತ ಬಂದೆ. ಕಿಟಕಿ ತೆರೆದಿತ್ತೋ ಮುಚ್ಚಿತ್ತೋ ನೋಡಲಿಲ್ಲ.

ನವೆಂಬರ್ 18, ಮಂಗಳವಾರ

ರಾಜೇಶ್ವರಕ್ಕೆ ಹೋದೆ. ಗೋದಾಮಿನ ಹತ್ತಿರ ಲಾರಿಯೊಂದು ಹಿಂದಕ್ಕೆ ಸರಿಯುತ್ತಿತ್ತು, ಬ್ಯಾಂಡಿನ ಧಾಟಿ ಬರುತ್ತಿತ್ತು. ಈಚೆ ದೊಡ್ಡಿಯಲ್ಲಿ ಟಗರು ತಲೆಯೆತ್ತಿ, ಬಹಳ ಗಂಭೀರವಾಗಿ ಹಿಂಗಾಲಿಟ್ಟು ಹೊರಟಿತು. ಅದರ ಬೆನ್ನಿಗೆ ನಲವತ್ತು ಕುರಿ. ಎಲ್ಲಿಗೆ ಹೋಗುತ್ತಿದ್ದೇವೆ ಎಂದು ಒಂದೂ ತಿರುಗಿ ನೋಡಲಿಲ್ಲ. ಧೂಳಮ್ಮ ಕೋಲು ಹಿಡಿದು ಅವುಗಳ ಮುಂದೆ ನಿಂತು ತಡೆಯಬೇಕೋ ಹಿಂದೆ ನಿಂತು ತಡೆಯಬೇಕೋ ತಿಳಿಯದೆ ಸುತ್ತು ಹೊಡೆಯುತ್ತಿದ್ದಳು. ನಗಬಾರದಿತ್ತು, ನಕ್ಕೆ.

ಡ್ರೈವರನ ಹೆಸರು ಕುನಾಲ. ಮಹಾರಾಷ್ಟ್ರದವನು. ಆ ಹಾರ್ನಿನ ಧಾಟಿ ಅವನ ನಾಲ್ಕು ವರ್ಷದ ಮಗಳು ಆರಿಸಿದ್ದಂತೆ. ಮನೆಗೆ ಹೋದಾಗ ಗಲ್ಲಿಯಲ್ಲಿ ಲಾರಿ ಹಿಂದೆ ಸರಿಸಿದರೆ ಅವಳು ಕುಣಿಯುತ್ತಾಳಂತೆ. ಟಗರಿನ ಸಂಗತಿ ತೋರಿಸಿದೆ. ಅವನು ಬಾಯಿಗೆ ಕೈಯಿಟ್ಟುಕೊಂಡ. ತಾನು ಬೇಕಾದರೆ ತೆಗೆಸುತ್ತೇನೆ, ಆದರೆ ದಿನಕ್ಕೆ ಹನ್ನೆರಡು ಲಾರಿ ಬರುತ್ತವೆ, ಎಲ್ಲದರಲ್ಲೂ ಇಂಥದೇ ಇದೆ ಎಂದ. ಅವನ ಡಬ್ಬಿಯ ಚಪಾತಿಯಲ್ಲಿ ನನಗೂ ಧೂಳಮ್ಮನಿಗೂ ಪಾಲು ಕೊಟ್ಟ.

ಸಂಜೆ ರಾಕ್ಷಸನನ್ನು ತೆಗೆದುಹಾಕಿದೆ. ಅವನ ಜೊತೆ ಐದು ಪುಟ ಹೋದವು.

ನವೆಂಬರ್ 20, ಗುರುವಾರ

ಧೂಳಮ್ಮನ ಹೆಬ್ಬೆಟ್ಟು ಹಾಕಿಸಲು ಕರೆದಿದ್ದೆ. ಟೆಂಪೋದಲ್ಲಿ ಟಗರನ್ನೂ ಕರೆತಂದಿದ್ದಳು.

"ಇದನ್ಯಾಕ ತಂದಿ?"

"ತೊಂದ್ರಿ ಆಗಿದ್ದು ಅದಕ್ಕ್ರಿ. ಹೆಬ್ಬಟ್ಟು ಅದರದು ಭಿ ಬೇಕಲ್ರಿ" ಎಂದಳು.

ಅರ್ಜಿದಾರರ ಪೂರ್ಣ ಹೆಸರು, ವಿಳಾಸ ಬೇಕಾಗುತ್ತದೆ ಎಂದು ತಿಳಿಸಿ ಹೇಳಿದೆ. ಹೆಸರು ರಾಜಾ, ವಿಳಾಸ ನಂದೇ ಎಂದಳು. ವಾದ ನಡೆಯುತ್ತಿರುವಾಗ ಮಹೆಬೂಬ ಸ್ಟ್ಯಾಂಪ್ ಪ್ಯಾಡನ್ನು ನೆಲಕ್ಕಿಟ್ಟ. ಯಾಕೆ ಇಟ್ಟ ಎಂದು ಅವನಿಗೂ ಗೊತ್ತಿಲ್ಲ. ಟಗರು ಅದರ ಮೇಲೆ ಕಾಲಿಟ್ಟು, ಅಲ್ಲಿಂದ ನನ್ನ ನಾಲ್ಕು ಪುಟಗಳ ಮೇಲೆ ಕಾಲಿಟ್ಟಿತು. ನೇರಳೆ ಗೊರಸಿನ ಗುರುತು, ಎರಡೂ ಸೀಳು ಸ್ಪಷ್ಟ.

ಅಷ್ಟರಲ್ಲಿ ಕಚೇರಿ ಎದುರು ಸಿಮೆಂಟಿನ ಲಾರಿಯೊಂದು ಹಿಂದಕ್ಕೆ ಸರಿಯಲು ಶುರುಮಾಡಿತು, ಹಾಡು ಬಂತು. ರಾಜಾ ಕಿವಿ ನಿಮಿರಿಸಿ ಹಿಂದಕ್ಕೆ ಹೊರಟ. ಪಹಣಿಯ ಸಾಲಿನಲ್ಲಿ ನಿಂತವರೆಲ್ಲ ದಾರಿ ಬಿಟ್ಟರು. ಮಹೆಬೂಬನ ಅಂಗಡಿಯೊಳಗೆ ಹಿಂದುಹಿಂದಾಗಿಯೇ ಹೊಕ್ಕು, ಝೆರಾಕ್ಸ್ ಯಂತ್ರಕ್ಕೆ ಬೆನ್ನು ತಾಗಿದ ಮೇಲೆ ನಿಂತ. ಯಂತ್ರದಿಂದ ಒಂದು ಕಪ್ಪು ಹಾಳೆ ಹೊರಬಂತು. ಮಹೆಬೂಬ ಅದನ್ನು ಬೆಳಕಿಗೆ ಹಿಡಿದು ನೋಡಿ, "ಲಗತ್ತು ಒಂದು" ಎಂದ.

ನಾನು ಬೈಯಬೇಕಿತ್ತು. ವಿದ್ಯಾವತಿಗೆ ಇದನ್ನು ಹೇಳಿದರೆ ಹೇಗೆ ಎಂದು ಯೋಚಿಸುತ್ತಿದ್ದೆ, ಬೈಯುವುದು ಮರೆತುಹೋಯಿತು.

ನವೆಂಬರ್ 23, ಭಾನುವಾರ

ಒಂದು ಹಾಳೆ. ಒಂದೇ ಮಗ್ಗುಲು. ಎಲ್ಲ ತೆಗೆದ ಮೇಲೆ ಉಳಿದದ್ದು ಅಷ್ಟೇ: ಇಂಥ ಕಡೆ, ಇಂಥವಳು ಕುರಿ ಸಾಕುತ್ತಾಳೆ. ಲಾರಿಗಳು ಹಿಂದಕ್ಕೆ ಸರಿಯುವಾಗ ಹಾಡು ಬಾರಿಸುತ್ತವೆ. ಅದರಿಂದ ಅವಳ ಕುರಿಗಳು ದಿಕ್ಕುಗೆಡುತ್ತವೆ, ದೊಡ್ಡಿ ಕೀಳಬೇಕಾಗಿ ಬಂದಿದೆ. ಹಿಂದಕ್ಕೆ ಸರಿಯುವ ವಾಹನಗಳಿಗೆ ಹಾಡಿನ ಬದಲು ಒಂದೇ ಸ್ವರದ ಸದ್ದು ಸಾಕು ಎಂದು ಸದನವು ಮಾಡಿಕೊಡಬೇಕಾಗಿ ಪ್ರಾರ್ಥನೆ.

ವಿದ್ಯಾವತಿ ನಿಂತೇ ಓದಿದಳು. ಎರಡನೇ ಸಲ ಕುಳಿತು ಓದಿದಳು. ಕೆಂಪು ಪೆನ್ನು ಕೈಯಲ್ಲಿತ್ತು, ಅದರ ಮುಚ್ಚಳ ತೆಗೆಯಲಿಲ್ಲ.

"ನೀವೇ ಬರ್ದೀರೇನು?" ಎಂದಳು.

ಆಮೇಲೆ ಗೊರಸಿನ ಹಳೆಯ ಹಾಳೆ ತೋರಿಸಿ ಗುರುವಾರದ ಕಥೆ ಹೇಳಿದೆ. ಲಗತ್ತು ಒಂದು ಎಂಬಲ್ಲಿಗೆ ಬಂದಾಗ ಅವಳು ಸೆರಗು ಬಾಯಿಗಿಟ್ಟುಕೊಂಡು, ತಡೆಯಲಾಗದೆ ತೊಗರಿ ಚೀಲದ ಮೇಲೆ ತಲೆಯಿಟ್ಟು ನಕ್ಕಳು. ಗುರುಲಿಂಗಪ್ಪನವರು ತಕ್ಕಡಿ ಬಿಟ್ಟು ಏನಾಯಿತೆಂದು ನೋಡಲು ಬಂದರು. ಅವಳು ನಗುವುದನ್ನು ನಾನು ಯಾವಾಗ ನೋಡಿದ್ದೆನೋ ನೆನಪಾಗಲಿಲ್ಲ.

ಒಳಗೆ ಕರೆದರು. ಮೇಜಿನ ಎದುರುಬದುರು ಕುಳಿತೆವು. ಅವಳು ಒಂದೊಂದು ಸಾಲನ್ನೂ ಹಿಂದಿಯಲ್ಲಿ ಮೆಲ್ಲಗೆ ಹೇಳಿಕೊಂಡು, ಆಮೇಲೆ ಬರೆದಳು. ಇಪ್ಪತ್ತೆಂಟು ವರ್ಷ ಕ್ಲಾಸಿನಲ್ಲಿ ಹೀಗೆಯೇ ಕಲಿಸಿರಬೇಕು. ನಾನು ಒಮ್ಮೆಯೂ ನೋಡಿರಲಿಲ್ಲ. ಹೊಸ ಕನ್ನಡಕ ಯಾವಾಗ ಮಾಡಿಸಿದಿ ಎಂದು ಕೇಳಿದೆ. ಸೆಪ್ಟೆಂಬರ್‌ನಲ್ಲಿ ಎಂದಳು. ಸೆಪ್ಟೆಂಬರ್‌ನಲ್ಲಿ ಅವಳು ನಮ್ಮ ಮನೆಯಲ್ಲೇ ಇದ್ದಳು.

"ಬೆಳಿಗ್ಗೆ ಪುಸ್ತಕ ಓದಿದ್ರ ಕಣ್ಣಾಗ ನೀರು ಬರ್ತಿತ್ತು. ಅಕ್ಟೋಬರ್‌ದಾಗ ಡಾಕ್ಟರ್ ಹೇಳಿದ ಔಷಧ ಹಾಕ್ಕೊಂಡು ಕಣ್ಣು ಮುಚ್ಚಿ ಕೂಡಬೇಕಿತ್ತು, ಏಳೆಂಟು ಮಿನಿಟ್" ಎಂದಳು.

ನಾನು ಚಹಾದ ಕಪ್ಪು ನೋಡುತ್ತ ಕುಳಿತೆ. ಬರುವಾಗ ರೊಟ್ಟಿಗೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿಯ ಡಬ್ಬಿ ಕೊಟ್ಟಳು.

ನವೆಂಬರ್ 24, ಸೋಮವಾರ

ಏಳು ನಿಮಿಷ.

ನವೆಂಬರ್ 27, ಗುರುವಾರ

ಕನ್ನಡ, ಹಿಂದಿ ಎರಡೂ ಹಾಳೆಗೆ ಧೂಳಮ್ಮನ ಹೆಬ್ಬೆಟ್ಟು ಆಯಿತು. ಇನ್ನೊಬ್ಬ ಹೆಣ್ಣುಮಗಳು ವಿಧವಾ ವೇತನದ ಅರ್ಜಿಗೆ ಬಂದಿದ್ದಳು. ನಾಲ್ಕು ಸಾಲು ಬರೆದುಕೊಟ್ಟೆ. "ಇಷ್ಟ ಸಾಕೇನ್ರಿ, ಜರಾ ಕಣ್ಣೀರು ಹಾಕ್ರಿ" ಎಂದಳು. ಬೇಡವ್ವ, ನಿನ್ನ ಹೆಸರು, ಗಂಡ ತೀರಿದ ದಿನ, ಬ್ಯಾಂಕ್ ಖಾತೆ, ಓದಿದ ಕೂಡಲೇ ಕಾಣಬೇಕು ಎಂದೆ. ಮಹೆಬೂಬ ಮೈಯಲ್ಲಿ ಹುಷಾರಿಲ್ಲವೇ ಎಂದು ಕೇಳಿದ.

ನವೆಂಬರ್ 30, ಭಾನುವಾರ

ಅಜೀತನ ಕೈಗೆ ಎರಡು ಹಾಳೆ ಇಟ್ಟೆ. ಅವನು ಅಲ್ಲೇ ಓದಿದ. ಓದಿ, ತಲೆ ಕೆರೆದುಕೊಂಡ. ದಿಲ್ಲಿಯ ಯಾರಿಗೋ ಫೋನ್ ಮಾಡಿ ಓದಿ ಹೇಳಿದ. ಆಮೇಲೆ ನನ್ನ ಮುಂದೆ ಬಂದು ಕುಳಿತ.

"ಸರ್, ಇದು ಆಗಂಗಿಲ್ರಿ."

"ಯಾಕ?"

"ಸ್ವರ ಬದಲಾಗೋ ಹ್ವಾರ್ನ್ ಗಾಡಿಗಿ ಹಾಕಬಾರದಂತ ಕೇಂದ್ರ ಮೋಟಾರು ವಾಹನ ನಿಯಮದಾಗ ಮೊದಲೇ ಅದರಿ. ಕಾನೂನಿನಾಗ ಪರಿಹಾರ ಇದ್ದ ವಿಷಯಕ್ಕ ಸದನದಾಗ ಅರ್ಜಿ ತಗೊಳ್ಳಂಗಿಲ್ಲ. ನೀವು ಸಾರಿಗಿ ಅಧಿಕಾರಿಗಳಿಗೆ ಬರೆದ್ರ ಮುಗೀತು."

ಮೂರು ವಾರದ ಹಿಂದೆ ಇದನ್ನು ಯಾಕೆ ಹೇಳಲಿಲ್ಲ ಎಂದು ಕೇಳಿದೆ.

ಅವನು ನಾಚಿಕೊಂಡ. "ಹದಿನಾಲ್ಕು ಪುಟದಾಗ ವಿಷಯ ಏನಂತ ನನಗ ಸಿಕ್ಕಿರಲಿಲ್ರಿ. ಯಾರೋ ಯಾರಿಗೋ ಕೊಂದಾರ ಅಂತ ತಿಳ್ಕೊಂಡಿದ್ದೆ."

ಇನ್ನೂ ಒಂದು ಹೇಳಿದ, ನನ್ನನ್ನು ಸಮಾಧಾನಪಡಿಸಲಿಕ್ಕಿರಬೇಕು. ಅರ್ಜಿ ಹೋಗಿದ್ದರೂ ಸದನದಲ್ಲಿ ಸದಸ್ಯರು ಅದನ್ನು ಓದುವುದಿಲ್ಲವಂತೆ. ಎದ್ದು ನಿಂತು, ಇಂಥವರ ಸಹಿ ಇರುವ, ಇಂಥ ವಿಷಯದ ಅರ್ಜಿ ಮಂಡಿಸುತ್ತೇನೆ ಎಂದು ಒಂದೇ ವಾಕ್ಯ ಹೇಳಿ ಕುಳಿತುಬಿಡುತ್ತಾರಂತೆ. ಅದರ ಮೇಲೆ ಚರ್ಚೆಗೆ ಅವಕಾಶವಿಲ್ಲ. ಆಮೇಲೆ ಅದು ಅರ್ಜಿಗಳ ಸಮಿತಿಗೆ ಹೋಗುತ್ತದೆ, ಅವರು ಕೂತು ನೋಡುತ್ತಾರೆ.

"ಒಂದೇ ವಾಕ್ಯ?"

"ಒಂದೇ ರಿ."

ಗಂಜಿಗೆ ಹೋಗಿ ವಿದ್ಯಾವತಿಗೆ ಎಲ್ಲವನ್ನೂ ಹೇಳಿದೆ. "ಸಿಟ್ಟು ಬರಲಿಲ್ಲೇನು ನಿಮಗ?" ಎಂದಳು. ಆಗ ನೆನಪಾಯಿತು, ಬಂದಿರಲಿಲ್ಲ. ಬಸ್ಸಿಗೆ ಹೊತ್ತಾಗಿತ್ತು.

ಡಿಸೆಂಬರ್ 1, ಸೋಮವಾರ

ದಿಲ್ಲಿಯಲ್ಲಿ ಅಧಿವೇಶನ ಆರಂಭ. ನಾನು ಸಾರಿಗೆ ಅಧಿಕಾರಿಗಳಿಗೆ ಆರು ಸಾಲು ಬರೆದು ಕಳಿಸಿದೆ.

ಡಿಸೆಂಬರ್ 4, ಗುರುವಾರ

ಧೂಳಮ್ಮ ಬಂದಿದ್ದಳು. ನಿನ್ನೆ ಇಬ್ಬರು ಅಧಿಕಾರಿಗಳು ಗೋದಾಮಿಗೆ ಬಂದು, ಲಾರಿಗಳ ಹಾಡು ಬಿಚ್ಚಿಸಿದರಂತೆ. ಈಗ ಬರೀ ಟುಂಯ್ ಟುಂಯ್. ಅಧಿಕಾರಿಗಳು ಬರುವ ಮೊದಲೇ ಕುನಾಲ ತನ್ನದನ್ನು ತೆಗೆಸಿದ್ದನಂತೆ.

"ರಾಜಾ ಹ್ಯಾಂಗ ಇದ್ದಾನ?"

"ಬೆಳಿಗ್ಗಿಂದ ಲಾರಿ ಕಡಿ ನೋಡಕೋತ ನಿಂತದರಿ. ಹಾಡು ಯಾಕ ಬರವಲ್ದು ಅಂತ. ನಾಳಿಗಿ ಮರೀತದ ಬಿಡ್ರಿ. ಹೊಲದವ ಭಿ ದೊಡ್ಡಿ ಇರ್ಲಿ ಅಂದ."

ಆಕೆ ಹೋದ ಮೇಲೆ ಮಹೆಬೂಬ ನನಗೆ ಚಹಾ ಹೇಳಿದ. ಮೂವತ್ತನಾಲ್ಕು ವರ್ಷದಲ್ಲಿ ಮೂರು ದಿನಕ್ಕೆ ಕೆಲಸವಾದ ಅರ್ಜಿ ಇದೊಂದೇ ಎಂದ. ಹೌದು ಎಂದೆ. ಸಂತೋಷವಾಗಬೇಕಿತ್ತು.

ಡಿಸೆಂಬರ್ 5, ಶುಕ್ರವಾರ

ಇನ್ನು ಹುಮನಾಬಾದಿಗೆ ಹೋಗಲು ಕಾರಣವಿಲ್ಲ. ಅನುವಾದ ಮಾಡಿಸುವುದಿಲ್ಲ, ತಿದ್ದಿಸುವುದಿಲ್ಲ, ಯಾರ ಹೆಬ್ಬೆಟ್ಟೂ ತೋರಿಸುವುದಿಲ್ಲ. ಸಂಜೆ ಹೊಸದೊಂದು ಅರ್ಜಿ ಹುಟ್ಟಿಸಿದರೆ ಹೇಗೆಂದು ಪೆನ್ನು ಹಿಡಿದು ಒಂದು ಗಂಟೆ ಕುಳಿತೆ. ಅಂಚೆಪೆಟ್ಟಿಗೆಯ ಬಣ್ಣದ ಬಗ್ಗೆ ಬರೆಯಬಹುದೇ ಎಂದೂ ಯೋಚಿಸಿದೆ. ನಾಚಿಕೆಯಾಗಿ ಬಿಟ್ಟೆ.

ವಿದ್ಯಾವತಿ ಇಲ್ಲದೆ ನನಗೆ ಬಹಳ ಬೇಜಾರಾಗಿದೆ.

ಡಿಸೆಂಬರ್ 7, ಭಾನುವಾರ

ಕೈಯಲ್ಲಿ ಒಂದು ಕಾಗದವೂ ಇಲ್ಲದೆ ಬಸ್ಸು ಹತ್ತಿದೆ. ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಪಕ್ಕದ ಅಜ್ಜಿಗೆ ಗಾಳಿ ಬಡಿಯುತ್ತಿತ್ತು, ನನ್ನ ಶಾಲು ಕೊಟ್ಟೆ.

ಗುರುಲಿಂಗಪ್ಪನವರು, "ಬರ್ರಿ ಶಂಕರಲಿಂಗಪ್ಪನವರ, ಇವತ್ತೇನು ತಂದೀರಿ?" ಎಂದರು. ಏನೂ ಇಲ್ಲ ಎಂದೆ. ಅವರು ನನ್ನ ಎರಡೂ ಕೈ ನೋಡಿ, ತಂಗಿಯನ್ನು ಕರೆದರು. ವಿದ್ಯಾವತಿ ಬಂದು ನಿಂತಳು.

ದಾರಿಯಲ್ಲಿ ಏನೇನೋ ಜೋಡಿಸಿಕೊಂಡಿದ್ದೆ. ಕಣ್ಣಿನ ವಿಷಯ, ಚಹಾದ ವಿಷಯ, ಪ್ರತಿಗಳ ವಿಷಯ. ಒಂದೂ ಬಾಯಿಗೆ ಬರಲಿಲ್ಲ. ಸ್ಟೂಲಿನಿಂದ ಎದ್ದು ನಿಂತೆ.

"ವಿದ್ಯಾ, ತಪ್ಪು ನಂದು, ನೀ ಇಲ್ದ ಮನಿ ನನಗ ಆಗವಲ್ದು, ಬಾ" ಎಂದೆ.

ಕುಳಿತುಬಿಟ್ಟೆ. ಒಂದೇ ವಾಕ್ಯ ಆಗಿತ್ತು.

ಗುರುಲಿಂಗಪ್ಪನವರು ಗಂಟಲು ಸರಿಪಡಿಸಿಕೊಂಡರು. "ಹಂಗಲ್ರಿ ಶಂಕರಲಿಂಗಪ್ಪನವರ. ಕೂತು ಮಾತಾಡೂಣು. ಮೊದಲನೇದು, ಆ ಸ್ಪೀಡ್ ಪೋಸ್ಟ್ ಬಂದಾಗ ಅಂಗಡಿದಾಗ ನಾಕು ಮಂದಿ ಗಿರಾಕಿ..."

"ಅಣ್ಣಾ, ಅರ್ಜಿ ಮಂಡಿಸ್ಯಾರ. ಇದರ ಮ್ಯಾಲ ಚರ್ಚೆ ಇರೂದಿಲ್ಲ" ಎಂದಳು ವಿದ್ಯಾವತಿ.

ಅವರು ತಕ್ಕಡಿಯ ಕಡೆಗೆ ಹೋದರು. ನಾನು, ಮತ್ತೆ ಹೇಗೆ, ಒಪ್ಪಿಗೆಯಾಯಿತೇ ಎಂದು ಕೇಳಿದೆ.

"ಮಂಡನೆ ಆಗ್ಯಾದ ಅಷ್ಟ. ಈಗ ಸಮಿತಿಗಿ ಹೋಗ್ತದ."

"ಸಮಿತಿದಾಗ ಯಾರ್ಯಾರು ಇದ್ದಾರ?"

"ನಾ ಒಬ್ಬಾಕಿ."

"ಎಷ್ಟು ದಿನ ಹಿಡೀತದ?"

ಅವಳು ಗೋಡೆಯ ಗಡಿಯಾರ ನೋಡಿದಳು. ನಾಲ್ಕಾಗಿತ್ತು. ಐದಕ್ಕೆ ಬಸ್ಸಿದೆ. ಒಳಗೆ ಹೋದಳು. ನಾನು ತೊಗರಿ ಚೀಲಗಳ ನಡುವೆ ಕುಳಿತು ಕಾದೆ. ನಾಲ್ಕೂಮುಕ್ಕಾಲಿಗೆ ಪರದೆಯ ಅಡಿಯಿಂದ ಮೊದಲು ಅವಳ ಚೀಲ ಬಂತು, ಆಮೇಲೆ ಅವಳು ಬಂದಳು.

ಹುಮನಾಬಾದಿನಿಂದ ಬಸವಕಲ್ಯಾಣದವರೆಗೆ ಅವಳೇ ಮಾತಾಡಿದಳು. ಕಣ್ಣಿನ ಡಾಕ್ಟರ್ ಬಗ್ಗೆ, ಐಶ್ವರ್ಯಳ ಬಗ್ಗೆ, ಶಾಲೆ ಬಿಟ್ಟ ಮೇಲೆ ಬೆಳಗಿನ ಹೊತ್ತು ಹೋಗುವುದೇ ಇಲ್ಲ ಎಂಬ ಬಗ್ಗೆ. ನಾನು ಕೇಳಿಸಿಕೊಂಡೆ. ಅವಳಿಗೆ ಇಷ್ಟೆಲ್ಲ ಹೇಳುವುದಿತ್ತು ಎಂದು ನನಗೆ ಗೊತ್ತೇ ಇರಲಿಲ್ಲ.